ಹುಳುಕು ಹಲ್ಲಿಗೆ ಹಿಡಿದ ದೀಪ

ಮುಂಬೈ, ಪುಣೆಯ ಹಲ್ಲಿನ ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿ ‘ಕೀಡ್ ಲಾಗ್ಲೀ ಆಹೆ’ ಅನ್ನುತ್ತಾರೆ. ದೆಹಲಿಯಲ್ಲಿ ಅದೇ ಮಾತು ‘ಕೀಡಾ ಲಗ್ ಗಯಾ’. ಚೆನ್ನೈಯಲ್ಲಿ ‘ಸೊತ್ತೈ ಪಲ್’, ಹೈದರಾಬಾದಿನಲ್ಲಿ ‘ಪುಚ್ಚು ಪನ್ನು’. ಕನ್ನಡದ ಮನೆಗಳಲ್ಲಿ ಹುಳುಕು ಹಲ್ಲು. ಊರು ಬದಲಾದರೂ ಹುಳ ಬದಲಾಗುವುದಿಲ್ಲ. ಬೇಳೆಗೆ, ಬದನೆಕಾಯಿಗೆ, ಮನೆಯ ತೊಲೆಗೆ ಹಿಡಿಯುವ ಹಾಗೆ ಹಲ್ಲಿಗೂ ಹುಳ ಹಿಡಿಯುತ್ತದೆ ಎಂಬ ಊಹೆ ಈ ಮಾತುಗಳೊಳಗೆ ಕೂತಿದೆ. ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಹಲ್ಲಿನ ಹುಳ ಇದೆ. ಯುರೋಪಿನವರೂ ಬಹುಕಾಲ ಅದನ್ನು ನಂಬಿದ್ದರು.

ಆ ಹುಳವನ್ನು ಹುಡುಕಿ ನೋಡಿದವರಲ್ಲಿ ಒಬ್ಬ ಪ್ಯಾರಿಸ್ಸಿನ ಪಿಯೇರ್ ಫೋಶಾರ್. 1728ರಲ್ಲಿ ಪ್ರಕಟವಾದ ಅವನ ಪುಸ್ತಕದಿಂದಲೇ ಆಧುನಿಕ ದಂತವೈದ್ಯ ಶುರುವಾಯಿತೆಂದು ಹೇಳುವ ರೂಢಿ ಇದೆ. ಒಳ್ಳೆಯ ಸೂಕ್ಷ್ಮದರ್ಶಕಗಳನ್ನು ತಂದು ಎಷ್ಟು ನೋಡಿದರೂ ಹುಳ ಕಾಣಲಿಲ್ಲವೆಂದು ಫೋಶಾರ್ ಅದರಲ್ಲಿ ಬರೆದ. 1890ರಲ್ಲಿ, ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಲಬಿ ಮಿಲ್ಲರ್ ನಿಜವಾದ ‘ಹುಳ’ ಯಾವುದೆಂದು ವಿವರಿಸಿದ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳನ್ನು ಹುದುಗಿಸಿ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ ಎಂದ. ಹುಳದ ಕಥೆ ಅಲ್ಲಿಗೆ ಮುಗಿಯಿತು, ಮಾತು ಮಾತ್ರ ಉಳಿಯಿತು.

ಆದರೂ ಹುಳುಕು ಎಂಬ ಪದಕ್ಕೆ ‘ದಂತಕ್ಷಯ’ಕ್ಕೆ ಗೊತ್ತಿಲ್ಲದ ಒಂದು ಸಂಗತಿ ಗೊತ್ತಿದೆ. ಹುಳುಕು ಬದನೆಕಾಯಿಯ ಹೊರಮೈಯಲ್ಲಿ ಸೂಜಿಮೊನೆಯಷ್ಟು ತೂತು. ಹೆಚ್ಚಿದಾಗ ಒಳಗೆಲ್ಲ ಹಾಳು. ಹಲ್ಲಿನ ಮೇಲ್ಪದರ ಎನಾಮಲ್ ಗಟ್ಟಿ, ಅದರ ಕೆಳಗಿನ ಡೆಂಟಿನ್ ಮೆತ್ತಗೆ. ಮೇಲೆ ಚುಕ್ಕೆಯಷ್ಟೇ ಕಂಡರೂ ಕೆಳಗೆ ಕೊಳೆತ ಹರಡಿಕೊಂಡಿರಬಹುದು. ಬದನೆಕಾಯಿಯನ್ನು ಹೆಚ್ಚಿ ನೋಡಬಹುದು. ಹಲ್ಲನ್ನು ಹೆಚ್ಚಿ ನೋಡಿದರೆ ನೋಡುವ ಕಾರಣವೇ ಹೋಯಿತು.

1997ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆಗೆ ವಿಲಿಯಂ ಎಕೆನ್‌ಬಾರ್ಗರ್ ಎಂಬ ಪತ್ರಕರ್ತರು ಒಂದು ವರದಿ ಬರೆದರು. ಅವರು ಅಮೆರಿಕದ 28 ರಾಜ್ಯಗಳಲ್ಲಿ 50 ದಂತವೈದ್ಯರ ಬಳಿ ಹೋಗಿ ಅದೇ ಬಾಯನ್ನು ತೋರಿಸಿದ್ದರು. ಅವರಿಗೆ ಹೇಳಿದ ಚಿಕಿತ್ಸೆಯ ಖರ್ಚು ಸುಮಾರು 500 ಡಾಲರಿನಿಂದ ಹಿಡಿದು 30,000 ಡಾಲರಿನ ಹತ್ತಿರದವರೆಗೆ ಇತ್ತು. ದಂತವೈದ್ಯರ ಸಂಘಗಳು ಸಿಟ್ಟಾದವು, ಓದುಗರು ನಕ್ಕರು. ಎಲ್ಲರೂ ಮೋಸಗಾರರು ಅಂದುಬಿಟ್ಟರೆ ಲೆಕ್ಕ ಬೇಗ ಮುಗಿಯುತ್ತದೆ. ಆದರೆ ಮೋಸವನ್ನು ಬದಿಗಿಟ್ಟ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ತಮ್ಮ ಹಲ್ಲು ಕಾಣುವುದಿಲ್ಲ, ಸರಿ. ಬಗ್ಗಿ ನೋಡುವವರಿಗೆ ಎಷ್ಟು ಕಾಣುತ್ತದೆ?

*

ಬಹಳ ಕಾಲ ದಂತವೈದ್ಯರು ಕಣ್ಣಿಗಿಂತ ಕೈಯನ್ನು ಹೆಚ್ಚು ನಂಬಿದರು. ತುದಿ ಬಾಗಿದ ಮೊನಚು ಕಡ್ಡಿಯೊಂದನ್ನು ಹಲ್ಲಿನ ಗೆರೆಗಳಲ್ಲಿ ಒತ್ತಿ ಎಳೆಯುವುದು, ಸಿಕ್ಕಿಕೊಂಡರೆ ಹುಳುಕು, ಜಾರಿದರೆ ಗಟ್ಟಿ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ಜಿ.ವಿ. ಬ್ಲ್ಯಾಕ್ ಹಲ್ಲು ಕೊರೆದು ತುಂಬುವುದಕ್ಕೆ ಅಳತೆ, ಆಕಾರಗಳ ಸಮೇತ ನಿಯಮ ಮಾಡಿಟ್ಟರು. ಹುಳುಕು ಇದ್ದಷ್ಟೇ ಅಲ್ಲ, ಮುಂದೆ ಬರಬಹುದಾದ ಗೆರೆಗಳನ್ನೂ ಸೇರಿಸಿ ಕೊರೆಯಬೇಕೆನ್ನುವುದು ಅದರಲ್ಲಿ ಒಂದು. ಕಾಣದ್ದನ್ನು ಎದುರಿಸಲು ಅವರ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಎಲ್ಲಿಯವರೆಗೆ ಕೊಳೆತಿದೆ ಎಂದು ತಿಳಿಯದಿದ್ದರೆ ಒಂದಷ್ಟು ಆಚೆಗೇ ಕೊಯ್ಯುವುದು ಜಾಣತನ.

ಕಡ್ಡಿಯ ಪರೀಕ್ಷೆಗೆ ದೊಡ್ಡ ಪೆಟ್ಟು ಬಿದ್ದದ್ದು 1987ರಲ್ಲಿ. ಖನಿಜ ಕಳೆದುಕೊಂಡು ಇನ್ನೂ ತೂತಾಗದ ಎನಾಮಲ್ಲಿಗೆ ಮೊನಚು ಕಡ್ಡಿಯನ್ನು ಒತ್ತಿದರೆ ಮೇಲ್ಪದರವೇ ಮುರಿದು ತೂತಾಗುತ್ತದೆ ಎಂದು ಡೆನ್ಮಾರ್ಕಿನ ಕಿಮ್ ಎಕ್‌ಸ್ಟ್ರಾಂಡ್ ಮತ್ತು ಸಂಗಡಿಗರು ತೋರಿಸಿದರು. ಹಾಗೇ ಬಿಟ್ಟಿದ್ದರೆ ಆ ಹಲ್ಲು ಎಂಜಲಿನ ಕ್ಯಾಲ್ಸಿಯಂ, ಫಾಸ್ಫೇಟುಗಳಿಂದ, ಫ್ಲೋರೈಡ್ ಪೇಸ್ಟಿನ ನೆರವಿನಿಂದ ಮತ್ತೆ ಗಟ್ಟಿಯಾಗುವ ಸಾಧ್ಯತೆ ಇತ್ತು. ಪರೀಕ್ಷೆ ಮಾಡಿದ್ದೇ ಆ ಅವಕಾಶವನ್ನು ಕಳೆದಂತಾಯಿತು. ಹುಳವನ್ನು ಹುಡುಕಲು ಹೋದ ಕಡ್ಡಿಯೇ ಹುಳುವಾದ ಪ್ರಸಂಗ ಇದು.

*

ಕೈ ಇಡದೆ ಒಳಗೆ ನೋಡುವ ಮೊದಲ ದಾರಿ ಎಕ್ಸ್‌ರೇ. 1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬುರ್ಗಿನಲ್ಲಿ ರೋಂಟ್‌ಜನ್ ಆ ಕಿರಣಗಳನ್ನು ಕಂಡರು, ಡಿಸೆಂಬರಿನ ಕೊನೆಗೆ ಪ್ರಕಟಿಸಿದರು. ಮುಂದಿನ ಜನವರಿಯಲ್ಲೇ ಬ್ರೌನ್‌ಶ್ವೈಗಿನ ದಂತವೈದ್ಯ ಒಟ್ಟೋ ವಾಲ್ಕೋಫ್, ಕಪ್ಪು ಕಾಗದ ಸುತ್ತಿದ ಗಾಜಿನ ಫಲಕವನ್ನು ಬಾಯಿಗಿಟ್ಟುಕೊಂಡು ತಮ್ಮದೇ ಹಲ್ಲಿನ ಚಿತ್ರ ತೆಗೆಸಿಕೊಂಡರು. ಅದಕ್ಕೆ 25 ನಿಮಿಷ ಅಲುಗಾಡದೆ ಇರಬೇಕಾಯಿತು.

ಅದೇ ವರ್ಷ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರು ಈ ಕೆಲಸಕ್ಕೆ ಇಳಿದರು. ಹೊಸ ಯಂತ್ರವೆಂದರೆ ಜೀವ ಬಿಡುವವರು. ಆಗಿನ ಎಕ್ಸ್‌ರೇ ಕೊಳವೆಗಳು ದಿನಕ್ಕೊಂದು ಬಗೆಯಲ್ಲಿ ಉರಿಯುತ್ತಿದ್ದವು. ಪ್ರತಿ ಸಲವೂ ಚಿತ್ರ ತೆಗೆಯುವ ಮುಂಚೆ ಕಿರಣ ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕಿತ್ತು. ಕೆಲ್ಸ್ ಅದಕ್ಕೆ ತಮ್ಮ ಕೈಯನ್ನೇ ಕೊಳವೆಯ ಮುಂದೆ ಹಿಡಿಯುತ್ತಿದ್ದರು. ಹೊಳೆಯುವ ಪರದೆಯ ಮೇಲೆ ಕೈಯ ಮೂಳೆಗಳು ಸ್ಪಷ್ಟವಾಗಿ ಕಂಡರೆ ಕೊಳವೆ ಸರಿ ಇದೆ ಎಂದರ್ಥ. ದಿನವೂ, ವರ್ಷಗಟ್ಟಲೆ.

ಅವರನ್ನು ಎಚ್ಚರಿಸಬಹುದಾಗಿದ್ದವರು ಇರಲಿಲ್ಲವೇ? ಇದ್ದರು, ಅದೂ ಅದೇ ವೃತ್ತಿಯವರು. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರೋಲಿನ್ಸ್ 1898ರಲ್ಲಿ ಈ ಕೆಲಸದಿಂದ ಕೈ ಸುಟ್ಟುಕೊಂಡಿದ್ದರು. 1901ರಲ್ಲಿ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿ, ಎಕ್ಸ್‌ರೇಗೆ ಜೀವ ತೆಗೆಯುವ ಶಕ್ತಿಯೇ ಇದೆಯೆಂದು ಬರೆದರು. ಕೊಳವೆಯನ್ನು ಸೀಸದ ಪೆಟ್ಟಿಗೆಯೊಳಗೆ ಇಡಿ, ಬೇಕಾದಷ್ಟು ಜಾಗಕ್ಕೆ ಮಾತ್ರ ಕಿರಣ ಬೀಳಲಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ ಎಂದರು. 1904ರಲ್ಲಿ ಅದನ್ನೆಲ್ಲ ಪುಸ್ತಕವಾಗಿಯೂ ತಂದರು. ಅವರ ಕಾಲದವರು ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ. ಕೆಲ್ಸ್ ಅವರ ಕೈಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಬೆರಳುಗಳು ಹೋದವು, ಆಮೇಲೆ ಕೈ, ಆಮೇಲೆ ತೋಳು. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ. 1928ರ ಮೇ 7ರಂದು ಅವರು ತಾವಾಗಿ ಜೀವ ಬಿಟ್ಟರು.

ಈ ಕಥೆ ಓದಿ ಯಾರೂ ಹಲ್ಲಿನ ಎಕ್ಸ್‌ರೇಗೆ ಹೆದರಬೇಕಾಗಿಲ್ಲ. ಇವತ್ತಿನ ಒಂದು ಚಿಕ್ಕ ದಂತ ಎಕ್ಸ್‌ರೇಯ ವಿಕಿರಣ, ನೆಲ, ಗಾಳಿ, ಆಕಾಶಗಳಿಂದ ಎಲ್ಲರ ಮೈಗೂ ಒಂದು ದಿನದಲ್ಲಿ ತಾಗುವ ಸಹಜ ವಿಕಿರಣಕ್ಕೆ ಹೆಚ್ಚುಕಡಿಮೆ ಸಮ. ಎಕ್ಸ್‌ರೇಯ ನಿಜವಾದ ಕೊರತೆ ಬೇರೆ. ಅದು ಕೊಡುವುದು ನೆರಳು. ಹಲ್ಲಿನ ಇಡೀ ದಪ್ಪವನ್ನು ಒಂದೇ ಹಾಳೆಗೆ ಒತ್ತಿದ ನೆರಳು. ಶುರುವಿನ ಹುಳುಕಿನಲ್ಲಿ ಹೋಗಿರುವ ಖನಿಜ ಅತ್ಯಲ್ಪ. ಸುತ್ತಲಿನ ಗಟ್ಟಿ ಭಾಗದ ನೆರಳಿನಲ್ಲಿ ಅದು ಮುಳುಗಿಹೋಗುತ್ತದೆ. ಸಾಕಷ್ಟು ಕರಗಿದ ಮೇಲಷ್ಟೇ ಅದು ಚಿತ್ರಕ್ಕೆ ಬರುತ್ತದೆ. ಸಣ್ಣ ಬಿರುಕು ಕಾಣಬೇಕಾದರೆ ಕಿರಣ ಬಿರುಕಿನ ಸೀಳಿಗೆ ಸರಿಯಾಗಿ ನೇರವಾಗಿ ಹಾಯಬೇಕು. ಇನ್ನು ಬೆಳ್ಳಿ ಫಿಲ್ಲಿಂಗ್ ಇದ್ದರೆ ಅದು ಅಪ್ಪಟ ಬಿಳಿ ಗುಡ್ಡೆಯಾಗಿ ಕಾಣುತ್ತದೆ, ಅದರ ಮರೆಯಲ್ಲಿ ಏನಿದೆಯೋ ದೇವರಿಗೇ ಗೊತ್ತು.

*

ಕೆಲ್ಸ್ ತೀರಿಕೊಂಡ 1928ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಎಚ್.ಸಿ. ಬೆನೆಡಿಕ್ಟ್ ಎಂಬವರ ಚಿಕ್ಕ ಟಿಪ್ಪಣಿಯೊಂದು ಬಂತು. ಕತ್ತಲಲ್ಲಿ ಹಲ್ಲಿನ ಮೇಲೆ ಅತಿನೇರಳೆ ಬೆಳಕು ಬಿಟ್ಟರೆ ಹಲ್ಲು ತಾನೇ ಹೊಳೆಯುತ್ತದೆ, ಹುಳುಕಾದ ಕಡೆ ಆ ಹೊಳಪು ಇರುವುದಿಲ್ಲ ಎಂಬುದು ಅದರ ಸಾರ. ಅದೇ ವರ್ಷದ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್, ವಸ್ತುವಿನೊಳಗೆ ಚದುರಿ ಹೊರಬಂದ ಬೆಳಕಿನಲ್ಲಿ ಆ ವಸ್ತುವಿನ ಗುರುತು ಇರುತ್ತದೆಂದು ಕಂಡುಕೊಂಡಿದ್ದರು. ಐದು ವರ್ಷಗಳ ನಂತರ ಅವರು ಬೆಂಗಳೂರಿಗೆ ಬಂದರು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಸುಮಾರು ಮುಕ್ಕಾಲು ಶತಮಾನದ ಮೇಲೆ, ಕೆನಡಾದ ಸಂಶೋಧಕರು ರಾಮನ್ ಪರಿಣಾಮವನ್ನು ಶುರುವಿನ ಹುಳುಕಿನ ಪತ್ತೆಗೂ ಹಚ್ಚಿದರು.

ಬೆಳಕು ಎಕ್ಸ್‌ರೇಗಿಂತ ಬೇಗ ಹುಳುಕನ್ನು ಗುರುತಿಸುವುದು ಯಾಕೆ? ಎನಾಮಲ್ ತೂಕದಲ್ಲಿ ಶೇಕಡಾ 96ರಷ್ಟು ಖನಿಜ. ಕೂದಲಿಗಿಂತ ಎಷ್ಟೋ ಸಪೂರವಾದ ಕೋಲುಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಅದರ ರಚನೆ. ಗಟ್ಟಿ ಎನಾಮಲ್ ಸ್ವಲ್ಪ ಪಾರದರ್ಶಕ. ಆಮ್ಲ ಖನಿಜವನ್ನು ಕರಗಿಸಿದಾಗ ನಡುವೆ ಸಣ್ಣ ಸಣ್ಣ ರಂಧ್ರಗಳಾಗುತ್ತವೆ, ಅವುಗಳೊಳಗೆ ನೀರು ತುಂಬುತ್ತದೆ. ಎನಾಮಲ್ಲಿನೊಳಗೆ ಬೆಳಕು ಬಾಗುವ ಪ್ರಮಾಣ 1.62, ನೀರಿನಲ್ಲಿ 1.33, ಗಾಳಿಯಲ್ಲಿ 1. ಈ ವ್ಯತ್ಯಾಸ ಇದ್ದಲ್ಲೆಲ್ಲ ಬೆಳಕು ಚದುರುತ್ತದೆ. ಚದುರಿದ ಬೆಳಕು ಕಣ್ಣಿಗೆ ಬಿಳಿ. ಹಾಗಾಗಿಯೇ ಹುಳುಕಿನ ಮೊದಲ ಗುರುತು ಕಪ್ಪಲ್ಲ, ಸುಣ್ಣದಂಥ ಬಿಳಿ ಚುಕ್ಕೆ.

ದುಬಾರಿ ಯಂತ್ರ ಯಾವುದೂ ಇಲ್ಲದೆ ಇದನ್ನು ಪರೀಕ್ಷಿಸುವ ಒಂದು ವಿಧಾನ ಈಗ ದಂತವೈದ್ಯ ಕಾಲೇಜುಗಳ ಪಾಠ. ಹಲ್ಲಿನ ಮೇಲೆ ಐದು ಸೆಕೆಂಡು ಗಾಳಿ ಊದಿ ಒಣಗಿಸುವುದು. ರಂಧ್ರದ ನೀರು ಹೋಗಿ ಗಾಳಿ ಬಂದಾಗ ವ್ಯತ್ಯಾಸ ಇನ್ನೂ ಹೆಚ್ಚಿ, ಅಡಗಿದ್ದ ಚುಕ್ಕೆ ಎದ್ದು ಕಾಣುತ್ತದೆ. ಒಣಗಿಸಿದರೆ ಮಾತ್ರ ಕಾಣುವುದು ಮೊದಲ ಹಂತ, ಒದ್ದೆಯಲ್ಲೇ ಕಾಣುವುದು ಎರಡನೆಯದು. ಇಡೀ ಪರೀಕ್ಷೆ ನಡೆಯುವುದು ಬೆಳಕಿನ ಒಂದು ನಿಯಮದ ಮೇಲೆ. ಇಷ್ಟು ಅಗ್ಗದ, ಇಷ್ಟು ಸೊಗಸಾದ ಪರೀಕ್ಷೆ ವೈದ್ಯದಲ್ಲಿ ಹೆಚ್ಚಿಲ್ಲ.

ಆದರೆ ಬಿಳಿ ಚುಕ್ಕೆಗಳೆಲ್ಲ ಹುಳುಕಲ್ಲ. ಪಾವಗಡದ ಕಡೆಯವರಿಗೆ, ಕೋಲಾರ, ರಾಯಚೂರಿನ ಎಷ್ಟೋ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದವರ ಎನಾಮಲ್ ಹುಟ್ಟುವಾಗಲೇ ರಂಧ್ರಗಳೊಂದಿಗೆ ಹುಟ್ಟುತ್ತದೆ. ಮೊದಲು ಬಿಳಿ ಮಚ್ಚೆ, ಹೆಚ್ಚಾದರೆ ಕಂದು. ಬೆಳಕಿಗೆ ಎರಡೂ ಒಂದೇ: ಖನಿಜ ಕಡಿಮೆ ಇರುವ ಜಾಗ. ಯಾಕೆ ಕಡಿಮೆ, ಇನ್ನೂ ಕಡಿಮೆಯಾಗುತ್ತಿದೆಯೇ ಎಂಬುದನ್ನು ಬೆಳಕು ಹೇಳುವುದಿಲ್ಲ. ಅದಕ್ಕೆ ಊರು ಯಾವುದು, ಯಾವ ನೀರು ಕುಡಿದು ಬೆಳೆದದ್ದು ಎಂದು ಕೇಳುವ ಡಾಕ್ಟರೇ ಬೇಕು.

*

ಬೆಳಕನ್ನು ಹಲ್ಲಿನವರೆಗೆ ಒಯ್ಯುವುದು ಮುಂದಿನ ಕೆಲಸ. ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡುವಂತೆ ಹಲ್ಲಿನ ಹಿಂದೆ ದೀಪ ಹಿಡಿದು ಮುಂದಿನಿಂದ ನೋಡುವುದು ಹಳೆಯ ಉಪಾಯ. ದವಡೆ ಹಲ್ಲಿನ ಹಿಂದೆ ದೀಪ ಹಿಡಿಯಲು ಜಾಗ ಬೇಕಲ್ಲ? ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಲಂಡನ್ನಿನ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದ್ದರು. 1970ರಲ್ಲಿ ಫ್ರೀಡ್‌ಮನ್ ಮತ್ತು ಮಾರ್ಕಸ್ ಅಂಥ ಎಳೆಗಳ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಬೆಳಕು ಹಾಯಿಸಿದರು. ಹುಳುಕಿದ್ದ ಕಡೆ ಕಪ್ಪು ನೆರಳು. ತೊಂಬತ್ತರ ದಶಕದ ಕೊನೆಗೆ ಇದಕ್ಕೆ ಡಿಜಿಟಲ್ ಕ್ಯಾಮೆರಾ ಸೇರಿತು.

ಬೆನೆಡಿಕ್ಟ್ ಕಂಡ ಹೊಳಪಿನ ಎಳೆಯನ್ನು 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನವರು ಮತ್ತೆ ಹಿಡಿದು, ಲೇಸರಿನಿಂದ ಹಲ್ಲನ್ನು ಹೊಳೆಯಿಸಿದರು. ನೆದರ್ಲೆಂಡ್ಸಿನವರು ಆ ಹೊಳಪು ಎಷ್ಟು ಮಂಕಾಗಿದೆ ಎಂದು ಕಂಪ್ಯೂಟರಿನಲ್ಲಿ ಅಳೆಯುವ ಕ್ರಮ ಮಾಡಿದರು. ಆದರೆ ಕ್ಲಿನಿಕ್ಕುಗಳಲ್ಲಿ ದೊಡ್ಡದಾಗಿ ಮಾರಾಟವಾದದ್ದು 1998ರಲ್ಲಿ ಜರ್ಮನಿಯಿಂದ ಬಂದ ಪೆನ್ನಿನ ಆಕಾರದ ಒಂದು ಉಪಕರಣ. ಅದು ಹಲ್ಲಿಗೆ ಕೆಂಪು ಲೇಸರ್ ಬಿಡುತ್ತದೆ. ಬ್ಯಾಕ್ಟೀರಿಯಾಗಳು ಬಿಟ್ಟುಹೋದ ವಸ್ತುಗಳು ಹೊಳೆದರೆ ಅದನ್ನು ಅಳೆದು 0ಯಿಂದ 99ರೊಳಗೆ ಒಂದು ಸಂಖ್ಯೆ ತೋರಿಸುತ್ತದೆ, ಸದ್ದೂ ಮಾಡುತ್ತದೆ.

ಎಡವಟ್ಟಾದದ್ದು ಆ ಸಂಖ್ಯೆಯಿಂದ. ಚಹಾದ ಕಲೆ, ಕಟ್ಟಿಕೊಂಡ ಪಾಚಿ ಇವೂ ಹೊಳೆಯುತ್ತವೆ, ಸಂಖ್ಯೆ ಏರುತ್ತದೆ. 2004ರಲ್ಲಿ ಬೇಡರ್ ಮತ್ತು ಶುಗರ್ಸ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಕಣ್ಣಿಗೆ ತಪ್ಪುವ ಹುಳುಕನ್ನು ಯಂತ್ರ ಹಿಡಿಯುತ್ತದೆ ನಿಜ, ಗಟ್ಟಿ ಹಲ್ಲನ್ನು ಹುಳುಕು ಅನ್ನುವುದೂ ಹೆಚ್ಚು, ಅದೊಂದನ್ನೇ ನಂಬಬಾರದು ಎಂದರು. ‘ಒಂದು ಚುಕ್ಕೆ ಇದೆ, ನೋಡೋಣ’ ಎಂದು ಡಾಕ್ಟರು ಅಂದರೆ ಕುರ್ಚಿಯಲ್ಲಿರುವವರು ನಾಲ್ಕು ಪ್ರಶ್ನೆ ಕೇಳಬಹುದು. ಯಂತ್ರ 34 ಎಂದು ತೋರಿಸಿದರೆ ಕೇಳಲು ಏನು ಉಳಿಯುತ್ತದೆ?

*

ನೆರಳು, ಹೊಳಪು ಇವೆರಡೂ ಹಲ್ಲಿನ ಮೇಲಿಂದ ಅಂದಾಜು ಮಾಡುವ ದಾರಿಗಳು. ಬದನೆಕಾಯಿಯನ್ನು ಹೆಚ್ಚದೆ ಹೆಚ್ಚಿದಂತೆ ನೋಡುವ ದಾರಿ ತೆರೆದದ್ದು ಕಣ್ಣಿನ ವೈದ್ಯದಿಂದ.

ಹೊಟ್ಟೆಯ ಅಲ್ಟ್ರಾಸೌಂಡ್ ಎಲ್ಲರಿಗೂ ಗೊತ್ತು. ಶಬ್ದವನ್ನು ಒಳಗೆ ಕಳಿಸಿ, ಪ್ರತಿಧ್ವನಿ ಬರಲು ಎಷ್ಟು ಹೊತ್ತಾಯಿತೆಂದು ನೋಡಿ ಆಳವನ್ನು ಲೆಕ್ಕ ಹಾಕುವುದು. ಬೆಳಕಿನಿಂದ ಹೀಗೆ ಮಾಡಿದರೆ ಚಿತ್ರ ನೂರುಪಟ್ಟು ನಯವಾಗುತ್ತದೆ, ಆದರೆ ಬೆಳಕಿನ ವೇಗ ಸಮಸ್ಯೆ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಆಳಕ್ಕೆ ಹೋಗಿಬರಲು ಬೆಳಕಿಗೆ ಸೆಕೆಂಡಿನ ಹದಿನೈದು ಲಕ್ಷ ಕೋಟಿಯಲ್ಲಿ ಒಂದು ಭಾಗ ಸಾಕು. ಯಾವ ಗಡಿಯಾರ ಅದನ್ನು ಎಣಿಸೀತು? ಉತ್ತರ ನೂರು ವರ್ಷ ಹಳೆಯದು. 1881ರಲ್ಲಿ ಆಲ್ಬರ್ಟ್ ಮೈಕೆಲ್ಸನ್ ಬೆಳಕಿನ ಕಿರಣವೊಂದನ್ನು ಎರಡಾಗಿ ಸೀಳಿ ಎರಡು ದಾರಿಗಳಲ್ಲಿ ಓಡಿಸಿ ಮತ್ತೆ ಕೂಡಿಸುವ ಸಲಕರಣೆ ಮಾಡಿದ್ದರು. ಒಂದು ಪಾಲು ಕನ್ನಡಿಗೆ, ಒಂದು ಪಾಲು ಕಣ್ಣಿಗೋ ಹಲ್ಲಿಗೋ. ಹಲವು ಅಲೆಯುದ್ದಗಳು ಬೆರೆತ ಬೆಳಕನ್ನು ಬಳಸಿದರೆ, ಎರಡೂ ದಾರಿಗಳ ಉದ್ದ ಕೂದಲೆಳೆಯ ಭಾಗದಷ್ಟು ನಿಖರವಾಗಿ ಸರಿಹೊಂದಿದಾಗ ಮಾತ್ರ ಅವು ಒಂದಕ್ಕೊಂದು ಸ್ಪಂದಿಸುತ್ತವೆ. ಕನ್ನಡಿಯನ್ನು ಸರಿಸುತ್ತ ಹೋದರೆ ಯಾವ ಆಳದಿಂದ ಎಷ್ಟು ಬೆಳಕು ಮರಳಿತು ಎಂದು ತಿಳಿಯುತ್ತದೆ. ಗಡಿಯಾರವೇ ಬೇಡ.

1991ರ ನವೆಂಬರಿನಲ್ಲಿ ಎಂಐಟಿಯ ವಿದ್ಯಾರ್ಥಿ ಡೇವಿಡ್ ಹುವಾಂಗ್, ಅವರ ಮಾರ್ಗದರ್ಶಕ ಜೇಮ್ಸ್ ಫುಜಿಮೋಟೊ, ಉಪಗ್ರಹ ಸಂಪರ್ಕದ ಎಂಜಿನಿಯರ್ ಎರಿಕ್ ಸ್ವಾನ್‌ಸನ್ ಮತ್ತಿತರರು ಇದಕ್ಕೆ ಆಪ್ಟಿಕಲ್ ಕೊಹೆರೆನ್ಸ್ ಟೊಮೋಗ್ರಫಿ ಎಂದು ಹೆಸರಿಟ್ಟು ಪ್ರಕಟಿಸಿದರು. ಚಿಕ್ಕದಾಗಿ ಓಸಿಟಿ. ಚೆನ್ನೈ, ಹೈದರಾಬಾದಿನ ಕಣ್ಣಾಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರ ಅಕ್ಷಿಪಟಲವನ್ನು ನೋಡುವ ಸ್ಕ್ಯಾನ್ ಇದೇ.

ಹಲ್ಲಿಗೆ ಇದನ್ನು ತಂದವರು ಅಣುಬಾಂಬಿನ ಜನ. ಅಮೆರಿಕದ ಅಣ್ವಸ್ತ್ರ ವಿನ್ಯಾಸದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬಿಲ್ ಕೋಲ್ಸ್‌ಟನ್ ಮತ್ತವರ ತಂಡ ಮೊದಲು ಹಂದಿಯ ಹಲ್ಲು, ಒಸಡುಗಳ ಚಿತ್ರ ತೆಗೆದು, ಆಮೇಲೆ ಮನುಷ್ಯರ ಬಾಯೊಳಗೆ ಹಿಡಿಯಬಹುದಾದ ಉಪಕರಣವನ್ನು ಮಾಡಿತು. 1998ರಲ್ಲಿ ‘ಆಪ್ಟಿಕ್ಸ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದೇ ಸಂಚಿಕೆಯಲ್ಲಿ, ಅದರ ಮರುಪುಟದಿಂದಲೇ, ರಷ್ಯದ ನಿಜ್ನಿ ನವ್‌ಗೊರೊದ್‌ನವರ ಲೇಖನವಿತ್ತು. ಅವರೂ ಬಾಯೊಳಗೆ ಓಸಿಟಿ ಹಿಡಿದಿದ್ದರು. ಹಲ್ಲು ತುಂಬುವ ಕೆಲಸಕ್ಕೆ ಅದು ಹೇಗೆ ದಾರಿ ತೋರಬಹುದೆಂದೂ ನೋಡಿದ್ದರು. ಈ ಊರಿಗೆ ಸೋವಿಯತ್ ಕಾಲದಲ್ಲಿ ಗೋರ್ಕಿ ಎಂದು ಹೆಸರು. ವಿದೇಶಿಯರಿಗೆ ಪ್ರವೇಶವಿಲ್ಲದ ಊರು. ಹೈಡ್ರೋಜನ್ ಬಾಂಬಿನ ವಿಜ್ಞಾನಿ ಸಖಾರೋವ್ ಸರ್ಕಾರವನ್ನು ಎದುರು ಹಾಕಿಕೊಂಡಾಗ ಅವರನ್ನು 1980ರಿಂದ 86ರವರೆಗೆ ತಂದಿಟ್ಟಿದ್ದು ಇಲ್ಲೇ. ಹತ್ತು ವರ್ಷ ಮೊದಲಾಗಿದ್ದರೆ ಈ ಎರಡು ಊರುಗಳ ಹೆಸರು ಒಟ್ಟಿಗೆ ಬರಬೇಕಾದರೆ ಅದು ಕ್ಷಿಪಣಿಗಳ ಲೆಕ್ಕದಲ್ಲಿ.

ಬಳಸಿದ ಬೆಳಕಿನದೂ ಒಂದು ಕಥೆ. 1310 ನ್ಯಾನೊಮೀಟರಿನ ಆಸುಪಾಸಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಎನಾಮಲ್ಲಿನಲ್ಲಿ ಚದುರುವುದು ಕಾಣುವ ಬೆಳಕಿಗಿಂತ ಇಪ್ಪತ್ತು ಮೂವತ್ತು ಪಟ್ಟು ಕಡಿಮೆ. ಅದಕ್ಕೆ ಎನಾಮಲ್ ಹೆಚ್ಚುಕಡಿಮೆ ಗಾಜು. ಟೆಲಿಫೋನಿನ ಗಾಜಿನ ಎಳೆಗಳಲ್ಲಿ ಓಡುವುದೂ ಇದೇ ಬೆಳಕು. ಆದ್ದರಿಂದ ಬೇಕಾದ ಬಿಡಿಭಾಗಗಳೆಲ್ಲ ಟೆಲಿಕಾಂ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುತ್ತಿದ್ದವು.

*

ಓಸಿಟಿಗೆ ಹೊಸ ಹುಳುಕಿಗಿಂತ ಹೆಚ್ಚಿನ ಕೆಲಸ ಕಾದಿದ್ದದ್ದು ಹಳೆಯ ಫಿಲ್ಲಿಂಗುಗಳಲ್ಲಿ.

1955ರಲ್ಲಿ ಅಮೆರಿಕದ ಮೈಕೇಲ್ ಬುವೊನೊಕೊರ್, ಎನಾಮಲ್ಲಿಗೆ ಆಮ್ಲ ತಾಗಿಸಿ ಒರಟು ಮಾಡಿದರೆ ಪ್ಲಾಸ್ಟಿಕ್ ಅದಕ್ಕೆ ಅಂಟಿಕೊಳ್ಳುತ್ತದೆ ಎಂದು ತೋರಿಸಿದರು. 1962ರಲ್ಲಿ ರಾಫೆಲ್ ಬೋವನ್ ಹೊಸ ರಾಳವೊಂದಕ್ಕೆ ಪೇಟೆಂಟ್ ಪಡೆದರು. ಇವತ್ತು ‘ಹಲ್ಲಿನ ಬಣ್ಣದ್ದು’ ಎಂದು ಹಾಕುವ ಕಾಂಪೊಸಿಟ್ ಫಿಲ್ಲಿಂಗ್ ಅದರ ಸಂತಾನ. ನೀಲಿ ದೀಪ ಹಿಡಿದರೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಶೇಕಡಾ ಎರಡು ಮೂರರಷ್ಟು ಕುಗ್ಗುತ್ತದೆ. ಮೂರು ಕಡೆ ಗೋಡೆಗೆ ಅಂಟಿದ ವಸ್ತು ಕುಗ್ಗಿದರೆ ಎಲ್ಲೋ ಒಂದು ಕಡೆ ಬಿಡಲೇಬೇಕು. ಹೊಸ ಗಾರೆ ಒಣಗುವಾಗ ಗೋಡೆಯಲ್ಲಿ ಬಿಡುವ ಸೀಳಿನಂತೆ.

ಆ ಸೀಳಿನಲ್ಲಿ ಮತ್ತೆ ಹುಳುಕು ಬಂತೆಂದು ಫಿಲ್ಲಿಂಗ್ ತೆಗೆದು ಹೊಸದು ಹಾಕುವುದು ದಂತವೈದ್ಯರ ದಿನನಿತ್ಯದ ಕೆಲಸಗಳಲ್ಲಿ ದೊಡ್ಡ ಪಾಲು. ಪ್ರತಿ ಸಲ ಹಳೆಯದನ್ನು ಕೊರೆದು ತೆಗೆಯುವಾಗ ಗಟ್ಟಿ ಹಲ್ಲೂ ಸ್ವಲ್ಪ ಹೋಗುತ್ತದೆ. ಹೊಸ ಫಿಲ್ಲಿಂಗ್ ಮೊದಲಿನದಕ್ಕಿಂತ ದೊಡ್ಡದಾಗುತ್ತದೆ. ಅದಾದ ಮೇಲೆ ಇನ್ನೂ ದೊಡ್ಡದು, ಆಮೇಲೆ ರೂಟ್ ಕೆನಾಲ್, ಆಮೇಲೆ ಕ್ಯಾಪ್, ಕೊನೆಗೆ ಕೀಳುವುದು. ಬ್ರಿಟನ್ನಿನ ರಿಚರ್ಡ್ ಎಲ್ಡರ್‌ಟನ್ ಈ ಸುತ್ತನ್ನು ಗುರುತಿಸಿ ವೃತ್ತಿಬಾಂಧವರನ್ನು ಎಚ್ಚರಿಸಿದವರಲ್ಲಿ ಮುಖ್ಯರು. ಹೀಗಿರುವಾಗ ಅಂಚಿನ ಕಂದು ಗೆರೆಯೊಂದನ್ನು ನೋಡಿ ‘ತೆಗೆಯೋಣ’, ‘ಬಿಡೋಣ’ ಎಂದು ನಿರ್ಧರಿಸುವುದು ಚಿಕ್ಕ ಮಾತಲ್ಲ. ಆ ನಿರ್ಧಾರ ನಡೆಯುತ್ತಿದ್ದದ್ದು ಕಣ್ಣಂದಾಜಿನಲ್ಲಿ. ಎಕ್ಸ್‌ರೇ ಹೆಚ್ಚು ನೆರವಾಗುತ್ತಿರಲಿಲ್ಲ. ಹಳೆಯ ಕಾಂಪೊಸಿಟ್‌ಗಳಂತೂ ಎಕ್ಸ್‌ರೇಯಲ್ಲಿ ಹುಳುಕಿನ ಹಾಗೇ ಕಪ್ಪಾಗಿ ಕಾಣುತ್ತಿದ್ದವು.

ಕಾಂಪೊಸಿಟ್ ಬೆಳಕನ್ನು ಒಳಬಿಡುತ್ತದೆ. ಅದರ ಕೆಳಗೆ ಹಲ್ಲು ಬಿಟ್ಟುಕೊಂಡು ಗಾಳಿ ಸೇರಿದ್ದರೆ ಬೆಳಕು ಅಲ್ಲಿ ಥಟ್ಟನೆ ತಿರುಗಿ ಬರುತ್ತದೆ. ಒಡೆದ ಗಾಜಿನೊಳಗೆ ಬಿರುಕು ಬೆಳ್ಳಗೆ ಮಿನುಗುವುದು ಇದೇ ಕಾರಣಕ್ಕೆ. ಟೋಕಿಯೊದ ವೈದ್ಯ ಮತ್ತು ದಂತವೈದ್ಯ ವಿಶ್ವವಿದ್ಯಾಲಯದಲ್ಲಿ ಜುಂಜಿ ತಗಾಮಿ ಅವರ ಬಳಗ ಈ ಮಿನುಗನ್ನು ವರ್ಷಗಟ್ಟಲೆ ಹಿಂಬಾಲಿಸಿತು. 2011ರ ಒಂದು ಅಧ್ಯಯನದಲ್ಲಿ ಅವರು ಕಿತ್ತ ಹಲ್ಲುಗಳಲ್ಲಿ ಫಿಲ್ಲಿಂಗ್ ಮಾಡಿ, ಓಸಿಟಿಯಲ್ಲಿ ಬಿಳಿ ಗೆರೆ ಬಂದ ಜಾಗವನ್ನು ಗುರುತು ಹಾಕಿಕೊಂಡು, ಅಲ್ಲೇ ಕೊಯ್ದು ಸೂಕ್ಷ್ಮದರ್ಶಕದಲ್ಲಿ ತಾಳೆ ನೋಡಿದರು. ಗೆರೆ ಇದ್ದಲ್ಲಿ ಸೀಳು ಇತ್ತು. 2017ರಲ್ಲಿ ಅದೇ ಬಳಗದವರು ನೀಲಿ ದೀಪ ಉರಿಯುತ್ತಿರುವಾಗಲೇ ಓಸಿಟಿ ಹಿಡಿದು, ಸೀಳು ಹುಟ್ಟುವುದನ್ನೂ ದೀಪ ಆರಿಸಿದ ಮೇಲೂ ಅದು ಮುಂದುವರಿಯುವುದನ್ನೂ ನೋಡಿದರು. ಎಷ್ಟೋ ದಶಕಗಳಿಂದ ಊಹೆಯಾಗಿದ್ದದ್ದು ಪರದೆಯ ಮೇಲೆ ನಡೆಯಿತು.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ಆಗದಿರುವುದಕ್ಕೆ ಕಾರಣ ಲಂಡನ್ನಿನಲ್ಲಿ 1995ರಲ್ಲೇ ಪ್ರಕಟವಾದ ಒಂದು ಅಧ್ಯಯನ. ಎಡ್ವಿನಾ ಕಿಡ್ ಮತ್ತು ಸಂಗಡಿಗರು ಬೆಳ್ಳಿ ಫಿಲ್ಲಿಂಗುಗಳ ಅಂಚಿನ ಸಂದುಗಳನ್ನು ಅಳೆದು, ಅವುಗಳ ಕೆಳಗಿನ ಡೆಂಟಿನ್ನಿನಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಪರೀಕ್ಷಿಸಿದ್ದರು. 0.4 ಮಿಲಿಮೀಟರಿಗಿಂತ ಅಗಲದ ಸಂದುಗಳ ಕೆಳಗೆ ನಿಜವಾಗಿಯೂ ಹೆಚ್ಚು ಬ್ಯಾಕ್ಟೀರಿಯಾ ಇದ್ದವು. ಅದಕ್ಕಿಂತ ಕಿರಿದಾದ ಸಂದಿಗೂ ಸಂದೇ ಇಲ್ಲದ ಅಂಚಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಂಚಿನ ಬಣ್ಣ ನೋಡಿ ಒಳಗಿನ ಹುಳುಕನ್ನು ಊಹಿಸುವಂತಿರಲಿಲ್ಲ.

ಬೆಳ್ಳಿ ಫಿಲ್ಲಿಂಗಿನ ಲೆಕ್ಕವನ್ನು ಕಾಂಪೊಸಿಟ್‌ಗೆ ಹಾಗೇ ದಾಟಿಸುವಂತಿಲ್ಲ. ಆದರೂ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಬಹುದು. ಕಿಡ್ ಅವರಿಗೆ ಕಾಯಿಲೆಯ ಜೊತೆ ನಂಟಿದೆಯೆಂದು ಕಂಡ ಸಂದು 0.4 ಮಿಲಿಮೀಟರು. ಓಸಿಟಿ ತೋರಿಸಬಲ್ಲದ್ದು ಸುಮಾರು 0.01 ಮಿಲಿಮೀಟರು. ನಲವತ್ತು ಪಟ್ಟು ಸೂಕ್ಷ್ಮ. ಹಾಗೆ ನೋಡಿದರೆ ಸೀಳು ಬಿಡದ ಫಿಲ್ಲಿಂಗ್ ಅಪರೂಪ. ಕಾಣುವ ಸೀಳಿಗೆಲ್ಲ ಕೊರೆಯುವ ಯಂತ್ರ ಎತ್ತಿಕೊಂಡರೆ, ಬ್ಲ್ಯಾಕ್ ಅವರ ಕಾಲದಲ್ಲಿ ಕಾಣದ ಕಾರಣಕ್ಕೆ ಹೋಗುತ್ತಿದ್ದ ಗಟ್ಟಿ ಹಲ್ಲು ಈಗ ಕಂಡ ಕಾರಣಕ್ಕೆ ಹೋಗುತ್ತದೆ.

*

ಹಾಗಾಗಿ ಓಸಿಟಿ ಕಣ್ಣಾಸ್ಪತ್ರೆಯನ್ನು ಗೆದ್ದಂತೆ ಹಲ್ಲಿನ ಕ್ಲಿನಿಕ್ಕನ್ನು ಇನ್ನೂ ಗೆದ್ದಿಲ್ಲ. ಬೇರೆ ಕಾರಣಗಳೂ ಇವೆ. ಯಂತ್ರ ದುಬಾರಿ. ಎರಡು ಮೂರು ಮಿಲಿಮೀಟರಿಗಿಂತ ಆಳಕ್ಕೆ ಬೆಳಕು ಇಳಿಯುವುದಿಲ್ಲ. ಹಿಂದಿನ ದವಡೆ ಹಲ್ಲಿನ ಮೇಲೆ ಅಲುಗಾಡದಂತೆ ಹಿಡಿಯುವುದು ಕಷ್ಟ. ಲೋಹದ ಫಿಲ್ಲಿಂಗಿನೊಳಗೆ ಅದು ಕುರುಡು. 2021ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಶುರುವಿನ ಹುಳುಕಿನ ವಿಷಯದಲ್ಲಿ ಓಸಿಟಿ ಭರವಸೆ ಹುಟ್ಟಿಸುತ್ತದೆ ಎಂದಿತು. ಜೊತೆಗೇ, ಹೆಚ್ಚಿನ ಅಧ್ಯಯನಗಳು ಪ್ರಯೋಗಾಲಯದಲ್ಲಿ ಕಿತ್ತ ಹಲ್ಲುಗಳ ಮೇಲೆ ನಡೆದಂಥವು, ಪುರಾವೆಯ ಖಚಿತತೆ ಕಡಿಮೆ ಎಂದೂ ಹೇಳಿತು.

ಇದರ ನಡುವೆ ಫಿಲ್ಲಿಂಗಿನ ಜಗತ್ತೇ ಬದಲಾಗುತ್ತಿದೆ. ಪಾದರಸದ ಬಳಕೆ ತಗ್ಗಿಸುವ 2013ರ ಮಿನಮಾಟ ಒಪ್ಪಂದದ ನಂತರ, ಪಾದರಸ ಬೆರೆಸಿ ಮಾಡುವ ಬೆಳ್ಳಿ ಫಿಲ್ಲಿಂಗ್ ಒಂದೊಂದೇ ದೇಶದಲ್ಲಿ ಹಿಂದೆ ಸರಿಯುತ್ತಿದೆ. ಯುರೋಪಿನ ಒಕ್ಕೂಟ 2025ರ ಜನವರಿಯಿಂದ ಅದನ್ನು ಬಹುಮಟ್ಟಿಗೆ ನಿಲ್ಲಿಸಿದೆ. ಮುಂದಿನ ಪೀಳಿಗೆಯ ಬಾಯಲ್ಲಿ ಇರುವುದು ಹೆಚ್ಚಾಗಿ ಕಾಂಪೊಸಿಟ್: ಕುಗ್ಗುವಂಥದ್ದು, ಸೀಳು ಬಿಡುವಂಥದ್ದು, ಬೆಳಕಿಗೆ ತೆರೆದುಕೊಳ್ಳುವಂಥದ್ದು.

ಸೀಳು ಇದೆಯೇ ಎಂಬ ಪ್ರಶ್ನೆಗೆ ಒಂದು ಚಿತ್ರ ಸಾಕು. ಅದು ಬೆಳೆಯುತ್ತಿದೆಯೇ ಎಂಬ ಪ್ರಶ್ನೆಗೆ ಎರಡು ಬೇಕು, ನಡುವೆ ಕೆಲವು ತಿಂಗಳು ಬೇಕು. ವಿಕಿರಣವಿಲ್ಲದ ಕಾರಣ ಬೆಳಕಿನ ಚಿತ್ರವನ್ನು ಎಷ್ಟು ಸಲ ಬೇಕಾದರೂ ತೆಗೆಯಬಹುದು, ಪರದೆಯನ್ನು ಕುರ್ಚಿಯ ಕಡೆಗೂ ತಿರುಗಿಸಬಹುದು. ಫಿಲ್ಲಿಂಗಿನ ಕೆಳಗಿನ ಬಿಳಿ ಗೆರೆಯನ್ನು ಬೆರಳಿಟ್ಟು ತೋರಿಸಿ ‘ಇದನ್ನು ತೆಗೆಯಬೇಕಾಗುತ್ತದೆ’ ಎಂದು ಡಾಕ್ಟರು ಹೇಳಿದಾಗ, ಬಾಯೊಳಗಿನ ಹತ್ತಿಯನ್ನು ತೆಗೆದು ಕೇಳಬಹುದಾದ ಮಾತು ಒಂದಿದೆ: ‘ಡಾಕ್ಟ್ರೇ, ಹೋದ ಸಲದ ಚಿತ್ರ ಇದ್ದರೆ ಪಕ್ಕದಲ್ಲಿಟ್ಟು ತೋರಿಸ್ತೀರಾ?’